ಸೆಕೆಂಡ್ ಶಿಫ್ಟ್ ಹಾಡಿನ ಕೊನೆಯ ಚರಣ

ಸ್ವೀಡನ್ನಿನ ಶೋವ್ಡೆ ಎಂಬ ಊರಿನ ಹೊರವಲಯದ ಹಳೆಯ ಹಾಲಿನ ಡೈರಿಯೊಂದರಲ್ಲಿ ಅಮೆರಿಕದ ಕೌಬಾಯ್‌ಗಳ ಕಂಟ್ರಿ ಸಂಗೀತ ರೆಕಾರ್ಡ್ ಮಾಡುವ ಕೆಲಸ ಸಿಕ್ಕಿದೆ ಎಂದಾಗ ಬೆಂಗಳೂರಿನ ಗೆಳೆಯರು ಫೋನಿನಲ್ಲೇ ಬಿದ್ದು ಬಿದ್ದು ನಕ್ಕರು. ‘ಕುದುರೆ ಅವ್ರೇ ಕೊಡ್ತಾರೋ, ನೀನೇ ತರ್ಬೇಕೋ?’ ಎಂದು ಒಬ್ಬ ಕೇಳಿದ. ಕುದುರೆ ಇರಲಿಲ್ಲ. ಹ್ಯಾಟುಗಳು ಮಾತ್ರ ಬಾಗಿಲ ಪಕ್ಕದ ಮೊಳೆಗಳಲ್ಲಿ ಸಾಲಾಗಿ ನೇತಾಡುತ್ತಿದ್ದವು. ಆ ಕಡೆಯ ಜನಕ್ಕೆ ಹಳೆಯ ಅಮೆರಿಕನ್ ಕಾರುಗಳ ಹುಚ್ಚು. ಬೇಸಿಗೆಯ ಶನಿವಾರಗಳಲ್ಲಿ ಅವನ್ನು ಒರೆಸಿ, ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕಂಟ್ರಿ ಕೇಳುತ್ತಾರೆ, ಸಂಜೆಯಾದರೆ ಎದ್ದು ಕುಣಿಯುತ್ತಾರೆ. ಅಂಥವರಿಗಾಗಿ ಹಾಡುವ ತಂಡಗಳೇ ನಮ್ಮ ಸ್ಟುಡಿಯೋಗೆ ಅನ್ನದಾತರು.

ಹೆಂಡತಿಗೆ ಅಲ್ಲಿಯ ಎಂಜಿನ್ ಕಾರ್ಖಾನೆಯ ಐಟಿ ವಿಭಾಗದಲ್ಲಿ ಕೆಲಸ. ಅವಳ ವೀಸಾದ ಬಾಲ ಹಿಡಿದು ಬಂದವನು ನಾನು. ಬಂದ ವರ್ಷವೆಲ್ಲ ಮಗಳನ್ನು ದಾಗಿಸ್‌ಗೆ, ಅಂದರೆ ಅಲ್ಲಿಯ ಶಿಶುವಿಹಾರಕ್ಕೆ, ಬಿಟ್ಟು ಕರೆತರುವುದೇ ನನ್ನ ಉದ್ಯೋಗವಾಗಿತ್ತು. ಆಮೇಲೆ ಈ ಡೈರಿ ಸಿಕ್ಕಿತು. ಮಾಲೀಕರು ಅರವತ್ತರ ಹತ್ತಿರದವರು, ಒಂದು ಕಾಲದಲ್ಲಿ ಊರೂರು ಸುತ್ತಿ ಬೇಸ್ ಗಿಟಾರ್ ನುಡಿಸಿದವರು. ಡೈರಿ ಮುಚ್ಚಿದಾಗ ಕಟ್ಟಡ ಕೊಂಡು, ಬೆಣ್ಣೆ ಕಡೆಯುತ್ತಿದ್ದ ಹಾಲ್‌ನಲ್ಲಿ ಮೈಕುಗಳನ್ನು ನಿಲ್ಲಿಸಿದ್ದರು. ಸ್ವೀಡನ್ನಿನಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’ ಅನ್ನುತ್ತಾರೆ. ಇಲ್ಲಿ ಬರೆಯುವಾಗ ಹಿರಿಯರ ಬಾಯಲ್ಲಿ ಅದನ್ನು ಹಾಗೇ ಉಳಿಸಿ, ನನ್ನಂಥ ಕಿರಿಯರ ಬಾಯಿಗೆ ಮಾತ್ರ ‘ನೀವು’ ಹಾಕಿಕೊಂಡಿದ್ದೇನೆ. ಅಭ್ಯಾಸಬಲ.

ಆ ಚಳಿಗಾಲದಲ್ಲಿ ಬಂದ ಗಾಯಕಿ ಐವತ್ತು ದಾಟಿದ ಹೆಂಗಸು. ವಾರವೆಲ್ಲ ಕೊಮ್ಯೂನ್, ಅಂದರೆ ನಮ್ಮ ಪುರಸಭೆಯಂಥದ್ದರ ಕೆಲಸ: ಒಂಟಿ ಮುದುಕ ಮುದುಕಿಯರ ಮನೆಗೆ ಹೋಗಿ ಎಬ್ಬಿಸುವುದು, ಉಣಿಸುವುದು, ಮಾತ್ರೆ ಕೊಡುವುದು. ಶನಿವಾರ ಜಾಲರಿ ಅಂಚಿನ ಜಾಕೆಟ್ ತೊಟ್ಟು ಕಾರು ಮೇಳಗಳಲ್ಲಿ ಹಾಡುವುದು. ಟ್ರಕ್ಕು, ಬಿಯರು, ಕೆರೆದಂಡೆಯ ಬೆಳದಿಂಗಳು, ಮತ್ತೆ ಟ್ರಕ್ಕು. ಜನಕ್ಕೆ ಆಕೆ ಅಂದರೆ ಪ್ರೀತಿ. ಆದರೆ ಆಕೆಗೆ ತನ್ನ ಹಾಡುಗಳು ಸಾಕಾಗಿದ್ದವು.

‘ಮೂವತ್ತು ವರ್ಷದವಳಿದ್ದಾಗ ಹದಿನೆಂಟರ ಹುಡುಗಿಯ ಹಾಡು ಹಾಡಿದೆ. ಈಗಲೂ ಅದೇ ಹಾಡ್ತಿದ್ದೀನಿ. ನನ್ನ ವಯಸ್ಸಿನವರಿಗೆ ಏನೂ ಆಗೋದೇ ಇಲ್ವಾ?’ ಎಂದು ಮೊದಲ ದಿನವೇ ಕೇಳಿದರು.

ಮಾಲೀಕರಿಗೆ ಈ ಮಾತು ಹೊಟ್ಟೆಯೊಳಗಿನದನ್ನೇ ಯಾರೋ ಹೊರಗೆ ತೆಗೆದಂತಾಯಿತು. ಅವರ ಬಳಿ ಹಳೆಯ ಕಂಟ್ರಿ ರೆಕಾರ್ಡುಗಳ ಒಂದು ಕಪಾಟೇ ಇತ್ತು. ಅವುಗಳಲ್ಲಿ ಮುರಿದ ಮದುವೆ, ಕುಡಿತದ ನಾಚಿಕೆ, ಗಣಿ ಕೆಲಸದ ದಣಿವು, ಮಗುವನ್ನು ಕಳೆದುಕೊಂಡ ಮನೆ, ಎಲ್ಲ ಇದ್ದವು. ‘ಇದು ದೊಡ್ಡವರ ಸಂಗೀತವಾಗಿತ್ತು. ಯಾವಾಗ ಹುಡುಗರ ಹುಟ್ಟುಹಬ್ಬ ಆಯ್ತೋ ನಂಗೊತ್ತಾಗಲಿಲ್ಲ’ ಅನ್ನುತ್ತಿದ್ದರು. ಆ ವರ್ಷಗಳಲ್ಲಿ ಅಮೆರಿಕದಿಂದಲೂ ಬೇರೆ ಥರದ ರೆಕಾರ್ಡುಗಳು ಒಂದೊಂದಾಗಿ ಬರತೊಡಗಿದ್ದವು: ಸದ್ದು ಕಡಿಮೆ, ಮಾತು ಹೆಚ್ಚು, ಬದುಕಿ ಬಂದವರ ಹಾಡು. ವಾದಕರು ಅವನ್ನು ಕಳ್ಳಮಾಲಿನ ಹಾಗೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಗಾಯಕಿ ತಾನೇ ಬರೆದ ಹಾಡುಗಳನ್ನು ತಂದಿದ್ದರು, ಎಲ್ಲ ಸ್ವೀಡಿಷ್‌ನಲ್ಲೇ. ಅವುಗಳಲ್ಲೊಂದು ‘ಸೆಕೆಂಡ್ ಶಿಫ್ಟ್’.

ಕೆಲಸ ಶುರುವಾದದ್ದು ಎಲ್ಲ ಸ್ಟುಡಿಯೋಗಳಲ್ಲಿ ಆಗುವ ರೀತಿಯಲ್ಲೇ. ಮೊದಲು ಕಂಪ್ಯೂಟರಿನಲ್ಲಿ ಕ್ಲಿಕ್ ಹಾಕುವುದು. ಕ್ಲಿಕ್ ಅಂದರೆ ಹೆಡ್‌ಫೋನಿನಲ್ಲಿ ಟಕ್ ಟಕ್ ಎಂದು ತಾಳ ಎಣಿಸುವ ಸದ್ದು. ಅದಕ್ಕೆ ಡ್ರಮ್ಸ್, ಡ್ರಮ್ಸ್ ಮೇಲೆ ಬೇಸ್, ಅದರ ಮೇಲೆ ಗಿಟಾರು. ಆಮೇಲೆ ಪೆಡಲ್ ಸ್ಟೀಲ್: ಮೇಜಿನಂತೆ ಮುಂದೆ ನಿಲ್ಲಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುತ್ತ, ಕಾಲಿನಿಂದ ಪೆಡಲ್ ತುಳಿದು ಸ್ವರ ಎಳೆಯುವ ಗಿಟಾರು. ಕಂಟ್ರಿಯಲ್ಲಿ ಅಳುವ ಕೆಲಸ ಅದರದ್ದೇ. ನುಡಿಸುವವರು ನಿವೃತ್ತ ಬಸ್ ಡ್ರೈವರು. ಒಬ್ಬೊಬ್ಬರೂ ಬೇರೆ ಬೇರೆ ದಿನ ಬಂದು ತಮ್ಮ ಪಾಲು ನುಡಿಸಿ ಹೋದರು. ಆಗಿನ್ನೂ ಹಾಡಿನ ಮಾತಿಗೆ ಜಾಗವೇ ಇಲ್ಲ; ದಾರಿ ತೋರಿಸಲು ಗಾಯಕಿ ಲಲಲಾ ಎಂದು ಗುನುಗಿದ್ದ ಒಂದು ಟ್ರ್ಯಾಕ್ ಇತ್ತು, ಅಷ್ಟೆ.

ಕೊನೆಗೆ ಗಾಯಕಿಯ ಸರದಿ. ಹತ್ತಾರು ಟೇಕ್ ತೆಗೆದೆ. ಒಂದರಿಂದ ಈ ಸಾಲು, ಇನ್ನೊಂದರಿಂದ ಆ ಪದ, ಮೂರನೆಯದರಿಂದ ಬರೀ ಒಂದು ಸ್ವರ ಎಂದು ಆರಿಸಿ ಹೊಲಿದೆ. ಶ್ರುತಿ ತಪ್ಪಿದಲ್ಲಿ ನೆಟ್ಟಗೆ ಮಾಡಿದೆ. ಉಸಿರಿನ ಸದ್ದು ತೆಗೆದೆ. ಎಲ್ಲರನ್ನೂ ಕೂರಿಸಿ ಕೇಳಿಸಿದಾಗ ಎಲ್ಲರೂ ‘ಬ್ರಾ, ಬ್ರಾ’ ಎಂದರು. ಚೆನ್ನಾಗಿದೆ ಎಂದರ್ಥ. ಕಾಫಿ ಕುಡಿದು ಮನೆಗೆ ಹೋದರು.

ನನಗೂ ಖುಷಿಯೇ. ಸಿಡಿಗೆ ಹಾಕಿಕೊಂಡು ಕಾರಿನಲ್ಲಿ ಹೆಂಡತಿಗೆ ಕೇಳಿಸಿದೆ. ಅವಳ ಸ್ವೀಡಿಷ್ ನನ್ನದಕ್ಕಿಂತ ಎಷ್ಟೋ ವಾಸಿ. ಹಾಡನ್ನು ಕೊನೆಯ ತನಕ ಕೇಳಿದಳು.

‘ಚೆನ್ನಾಗೇನೋ ಇದೆ ರೀ. ಆದ್ರೆ ಈ ಅಜ್ಜಿ ಯಾಕೆ ಡಾನ್ಸ್ ಮಾಡ್ತಾ ಇದಾಳೆ?’

‘ಯಾವ ಅಜ್ಜಿ?’

ಅವಳು ನನ್ನ ಮುಖ ನೋಡಿದಳು. ‘ಹಾಡು ಒಬ್ಬ ಅಜ್ಜಿ ಬಗ್ಗೆ ಅಲ್ವಾ? ತಾಳ ನೋಡಿದ್ರೆ ಕುಣಿಯೋ ಹಾಗಿದೆ. ಇಷ್ಟು ದಿನ ಏನ್ರೀ ಮಾಡ್ತಿದ್ರಿ ಅಲ್ಲಿ? ಕೊನೇಲಿ ಏನೋ ಹೇಳ್ತಾಳೆ, ಅಷ್ಟೊತ್ತಿಗೆ ಸರಿಯಾಗಿ ನಿಮ್ಮ ಗಿಟಾರು ಅಳೋಕೆ ಶುರು ಮಾಡುತ್ತೆ. ಒಂದಕ್ಷರ ಕೇಳಿಸಲಿಲ್ಲ.’

ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು ಅದು, ಬೇಗ ಇಳಿಯಿತು. ನಾನು ಕೆಲಸ ಕಲಿತದ್ದು ಭಾವಗೀತೆಗಳ ಕ್ಯಾಸೆಟ್ ಮಾಡುತ್ತಿದ್ದ ಬೆಂಗಳೂರಿನ ಸ್ಟುಡಿಯೋದಲ್ಲಿ. ಅಲ್ಲೊಬ್ಬ ಹಿರಿಯ ಸಂಗೀತ ಸಂಯೋಜಕರದ್ದೊಂದು ನೇಮವಿತ್ತು. ತಬಲಾದವನಿಂದ ಹಿಡಿದು ರೆಕಾರ್ಡಿಂಗ್ ಮಾಡುವ ನನ್ನ ತನಕ ಎಲ್ಲರೂ ಚಾಪೆಯ ಮೇಲೆ ಕೂತು, ಮೊದಲು ಕವಿತೆಯನ್ನು ಯಾರಾದರೂ ಗಟ್ಟಿಯಾಗಿ ಓದುವುದನ್ನು ಕೇಳಬೇಕು. ‘ಏನ್ ಹೇಳ್ತಿದೀವಿ ಅಂತ ಗೊತ್ತಿಲ್ದೆ ತಬಲಾ ಮುಟ್ಬೇಡಿ’ ಎಂದು ಗದರುತ್ತಿದ್ದರು. ಆಗ ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು.

ಮಾರನೆಯ ದಿನ ಫಿಕಾ ಹೊತ್ತಿನಲ್ಲಿ ಕೇಳಿಯೇಬಿಟ್ಟೆ. ಫಿಕಾ ಅಂದರೆ ಕಾಫಿ, ಏಲಕ್ಕಿ ಬನ್ನು, ಹರಟೆ; ಸ್ವೀಡನ್ನಿನಲ್ಲಿ ಪ್ರಳಯವಾದರೂ ಅದು ತಪ್ಪುವುದಿಲ್ಲ. ಅವತ್ತು ಇನ್ನೊಂದು ಹಾಡಿಗೆಂದು ಎಲ್ಲರೂ ಸೇರಿದ್ದರು.

‘ಸೆಕೆಂಡ್ ಶಿಫ್ಟ್ ಯಾವುದರ ಬಗ್ಗೆ?’

ಡ್ರಮ್ಮರ್ ಬನ್ನು ಅಗಿಯುತ್ತ ಯೋಚಿಸಿದ. ‘ಮಧ್ಯಮ ಲಯ’ ಎಂದ. ಸ್ಟೀಲ್‌ನವರು ‘ಯಾರೋ ಕೆಲಸಕ್ಕೆ ಹೋಗ್ತಾರೆ, ಅಲ್ವಾ?’ ಎಂದರು. ಮಾಲೀಕರು, ಹಾಡಿನ ಮಾತು ಗಾಯಕಿಗೆ ಸೇರಿದ್ದು, ಅದರಲ್ಲಿ ತಾವು ಕೈ ಹಾಕುವುದಿಲ್ಲ ಎಂದರು. ನನಗೆ ಭಾಷೆ ಸರಿಯಾಗಿ ಬಾರದು, ಸರಿ. ಇವರಿಗೇನಾಗಿತ್ತು ಧಾಡಿ? ಆಮೇಲೆ ಹೊಳೆಯಿತು: ಅದು ಅವರ ಸೌಜನ್ಯ. ಒಬ್ಬರು ಬರೆದದ್ದನ್ನು ಹೀಗಂದರೇನು, ಹಾಗಂದರೇನು ಎಂದು ಕೆದಕುವುದು ಅಲ್ಲಿ ಬೇರೆಯವರ ಅಡುಗೆಮನೆಯ ಡಬ್ಬಿ ತೆಗೆದು ನೋಡಿದ ಹಾಗೆ. ಗಾಯಕಿಯೂ ತಾನಾಗಿ ಹೇಳಿರಲಿಲ್ಲ. ತನ್ನ ಹಾಡನ್ನು ತಾನೇ ವಿವರಿಸಿದರೆ ಜಂಬ ಅಂದುಕೊಂಡಾರು ಎಂದು. ಹೀಗೆ ಒಬ್ಬರ ಮರ್ಯಾದೆ ಒಬ್ಬರು ಕಾಪಾಡುತ್ತ, ಮಾತೇ ಕೇಳದೆ ಹಾಡು ಮುಗಿಸಿದ್ದೆವು.

‘ಓದಿ’ ಎಂದೆ. ‘ಹಾಡಬೇಡಿ, ಬರೀ ಓದಿ. ನಮ್ಮೂರಲ್ಲಿ ಹಾಗೆ ಮಾಡ್ತೀವಿ.’

ಗಾಯಕಿ ಕೆಂಪಗಾದರು. ಮಾಲೀಕರ ಕಡೆ ನೋಡಿದರು. ಅವರು ತಲೆಯಾಡಿಸಿದ ಮೇಲೆ ಕಾಫಿ ಕಪ್ಪು ದೂರ ಸರಿಸಿ, ಮೇಜಿನ ಅಂಚು ನೋಡುತ್ತ ಓದಿದರು, ಬಾಯಿಪಾಠವಾಗಿಯೇ.

ಹಾಡಿನಲ್ಲಿ ಒಬ್ಬ ಅಜ್ಜಿ. ಮರೆವಿನ ಕಾಯಿಲೆ. ಅವಳನ್ನು ನೋಡಿಕೊಳ್ಳುವ ಹೆಂಗಸು ದಿನಾ ಬೆಳಿಗ್ಗೆ ಬಂದು ಕಾಲಿಗೆ ಬಿಗಿ ಕಾಲುಚೀಲ ಏರಿಸುತ್ತಾಳೆ. ಅಜ್ಜಿ ಕೇಳುತ್ತಾಳೆ: ನನ್ನ ಗಂಡ ಎಲ್ಲಿ? ಕಾರ್ಖಾನೆಯಲ್ಲಿದ್ದ ಗಂಡ ಸತ್ತು ವರ್ಷಗಳಾಗಿವೆ. ಮೊದಲ ದಿನ ಆ ಹೆಂಗಸು ನಿಜ ಹೇಳುತ್ತಾಳೆ. ಅಜ್ಜಿ ಆವತ್ತೇ ಗಂಡ ಸತ್ತಂತೆ ಅಳುತ್ತಾಳೆ. ಮಾರನೆಯ ದಿನದಿಂದ ಅವಳು ಸುಳ್ಳು ಹೇಳತೊಡಗುತ್ತಾಳೆ: ಅವರಿಗೆ ಇವತ್ತು ಸೆಕೆಂಡ್ ಶಿಫ್ಟ್, ಬರೋದು ತಡ. ಅದೇ ಪಲ್ಲವಿ. ಚಳಿಗಾಲ ಹೋಗಿ ಬೇಸಿಗೆ ಬಂದರೂ ಅದೇ ಪ್ರಶ್ನೆ, ಅದೇ ಸುಳ್ಳು. ಕೊನೆಯ ಚರಣದಲ್ಲಿ, ಒಂದು ಬೆಳಿಗ್ಗೆ ಆ ಹೆಂಗಸಿಗೆ ತನ್ನ ಮನೆಯದೇ ಏನೋ ದುಃಖ. ಅಜ್ಜಿ ಕೇಳಿದರೂ ಆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ. ಆಗ ಅಜ್ಜಿ ಅವಳ ಕೈ ಹಿಡಿದು ಹೇಳುತ್ತಾಳೆ: ನಂಗೆ ಗೊತ್ತಿತ್ತು ಮಗಳೇ. ನೀನು ಅದನ್ನ ಅಷ್ಟು ಚೆನ್ನಾಗಿ ಹೇಳ್ತಿದ್ದೆ, ಅದಕ್ಕೇ ದಿನಾ ಕೇಳ್ತಿದ್ದೆ.

ಯಾರೂ ‘ಬ್ರಾ’ ಎನ್ನಲಿಲ್ಲ. ಡ್ರಮ್ಮರ್ ಬನ್ನನ್ನು ತಟ್ಟೆಗಿಟ್ಟಿದ್ದ. ನನಗಂತೂ ಕಣ್ಣು ತುಂಬಿ ಬಂತು, ಅರ್ಧ ಮಾತು ಅರ್ಥವಾಗದಿದ್ದರೂ. ಸ್ಟೀಲ್‌ನವರು ನನ್ನ ಕಡೆ ತಿರುಗಿದರು.

‘ಆ ಕೊನೆಯ ಮಾತಿನ ಮೇಲೆ ನಾನು ಏನೇನೋ ನುಡಿಸಿಬಿಟ್ಟಿದ್ದೀನಿ. ಅಳಿಸು.’

ಮಾಲೀಕರು ಎದ್ದು ಕಪ್ಪು ತೊಳೆದರು. ಬೆನ್ನು ತಿರುಗಿಸಿಕೊಂಡೇ ಹೇಳಿದರು: ‘ಎಲ್ಲಾನೂ ಅಳಿಸು. ಕ್ಲಿಕ್ಕೂ ಬೇಡ. ಎಲ್ಲರೂ ಒಂದೇ ಕೋಣೇಲಿ, ಒಂದೇ ಸಲ.’

ನನಗೆ ಎರಡು ಚಿಂತೆ. ಅಷ್ಟು ದಿನದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂಬುದು ಒಂದು. ಅದಕ್ಕಿಂತ ದೊಡ್ಡದು, ಒಂದೇ ಕೋಣೆಯಲ್ಲಿ ಎಲ್ಲರೂ ನುಡಿಸಿದರೆ ಡ್ರಮ್ಸಿನ ಸದ್ದು ಗಾಯಕಿಯ ಮೈಕಿಗೆ, ಗಾಯಕಿಯ ದನಿ ಗಿಟಾರಿನ ಮೈಕಿಗೆ ನುಗ್ಗುತ್ತದೆ. ಆಮೇಲೆ ಒಬ್ಬರ ತಪ್ಪನ್ನು ಮಾತ್ರ ತೆಗೆದು ಸರಿಪಡಿಸಲು ಬರುವುದಿಲ್ಲ.

‘ಆಮೇಲೆ ತಿದ್ದೋಕಾಗಲ್ಲ’ ಎಂದೆ.

‘ಗೊತ್ತು. ತಿದ್ದೋಕಾಗಬಾರದು ಅಂತಲೇ.’

ಡೈರಿಯ ಗೋಡೆಗೆಲ್ಲ ಬಿಳಿ ಟೈಲ್ಸು. ಅಲ್ಲಿ ಕೆಮ್ಮಿದರೂ ದೇವಸ್ಥಾನದ ಗಂಟೆ ಹೊಡೆದಂತೆ ಕೇಳಿಸುತ್ತಿತ್ತು. ಊರಿನ ಹಳೆಯ ಸಾಮಾನಿನ ಅಂಗಡಿಯಿಂದ ಉಣ್ಣೆ ಕಂಬಳಿ, ರತ್ನಗಂಬಳಿ ಹೊತ್ತು ತಂದು ಗೋಡೆಗೆ ನೇತುಹಾಕಿದೆವು. ಡ್ರಮ್ಮರ್ ಕೋಲು ಬಿಟ್ಟು, ಮೆತ್ತಗೆ ಸವರಿ ನುಡಿಸುವ ತಂತಿ ಎಳೆಗಳ ಬ್ರಷ್ ಹಿಡಿದ. ಸ್ಟೀಲ್‌ನ ಆಂಪ್ಲಿಫೈಯರನ್ನು ಹಿಂದೆ ಹಾಲು ತಣಿಸುತ್ತಿದ್ದ ಕೋಣೆಗೆ ತಳ್ಳಿ, ಬಾಗಿಲು ಓರೆ ಮಾಡಿದೆ. ಗಾಯಕಿಗೆ ಮುಂದಿನದನ್ನೂ ಹಿಂದಿನದನ್ನೂ ಕೇಳಿಸಿಕೊಳ್ಳುವ, ಆದರೆ ಎರಡು ಪಕ್ಕಕ್ಕೂ ಕಿವುಡಾದ ಹಳೆಯ ರಿಬ್ಬನ್ ಮೈಕ್ ಕೊಟ್ಟೆ. ಅದರ ಕಿವುಡು ಪಕ್ಕ ಸರಿಯಾಗಿ ಡ್ರಮ್ಸಿನ ಕಡೆಗೆ ಬರುವ ತನಕ ನೆಲದ ಮೇಲೆ ಟೇಪು ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದೆ.

ಇಷ್ಟೆಲ್ಲ ಆದರೂ ಹಾಡು ಬರಲಿಲ್ಲ. ಒಂದು ಟೇಕಿನಲ್ಲಿ ಬಿಸಿಲಿಗೆ ಸಡಿಲಾದ ಹಿಮ ಛಾವಣಿಯಿಂದ ಧೊಪ್ಪೆಂದು ಜಾರಿತು. ಇನ್ನೊಂದರಲ್ಲಿ ಎಲ್ಲ ಸರಿಯಿತ್ತು, ಹಾಡು ಮಾತ್ರ ಸತ್ತಿತ್ತು. ಗಾಯಕಿ ಓದುವಾಗ ಇದ್ದ ಹೆಂಗಸು ಮೈಕಿನ ಮುಂದೆ ನಿಂತೊಡನೆ ಮಾಯ; ಅಲ್ಲಿ ನಿಲ್ಲುತ್ತಿದ್ದದ್ದು ಜಾಲರಿ ಜಾಕೆಟ್ಟಿನವರು. ಎರಡು ದಶಕ ಕಾರುಗಳ ಮೈದಾನಕ್ಕೆ ಕೂಗಿ ಹಾಡಿದ ಗಂಟಲು, ಪ್ರತಿ ಪದದ ಬಾಲವನ್ನೂ ಅಮೆರಿಕದವರಂತೆ ತಿರುಚುತ್ತಿತ್ತು. ನಾನು ಮೈಕನ್ನು ಬೈದೆ, ತಂತಿ ಬದಲಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಸಂಜೆಗೆ ಗಾಯಕಿ ಹೆಡ್‌ಫೋನ್ ತೆಗೆದಿಟ್ಟರು. ‘ಈ ಹಾಡು ನನಗೆ ಬರಲ್ಲ ಅನ್ನಿಸತ್ತೆ. ಬರೆದವಳೇ ಬೇರೆ, ಹಾಡೋಳೇ ಬೇರೆ. ಟ್ರಕ್ಕಿನ ಹಾಡೇ ಹಾಡಿಕೊಂಡಿರ್ತೀನಿ ಬಿಡಿ.’

ಆ ದನಿಯಲ್ಲಿ ನಾಟಕವಿರಲಿಲ್ಲ. ಆಕೆ ಸೋತಿದ್ದರು. ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ:

‘ಇದರ ಟ್ಯೂನು ಎಲ್ಲಿ ಮಾಡಿದ್ರಿ? ಮನೇಲಾ?’

‘ಮನೇಲೆಲ್ಲಿ ಪುರುಸೊತ್ತು. ಕೆಲಸದಲ್ಲೇ. ಕಾಲುಚೀಲ ಹಾಕ್ತಾ ಹಾಕ್ತಾ.’

‘ಹಾಕ್ತಾ ಅಂದ್ರೆ?’

ಆಕೆಗೆ ವಿವರಿಸಲು ಬರಲಿಲ್ಲ. ಹೊರಗೆ ಹೋಗಿ ಕಾರಿನಿಂದ ಒಂದು ಜೊತೆ ಬಿಗಿ ಕಾಲುಚೀಲ ತಂದರು. ಕಾಲು ಊದಿಕೊಳ್ಳದಂತೆ ಮೊಣಕಾಲಿನವರೆಗೆ ಹಾಕುವ ದಪ್ಪ, ಬಿಗಿ ಚೀಲ. ಒಬ್ಬರೇ ಹಾಕಿಕೊಳ್ಳಲು ಮುದುಕರ ಕೈಯಲ್ಲಿ ಆಗದು. ‘ಯಾರ ಕಾಲು ಸಿಗತ್ತೆ?’ ಎಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಕೊನೆಗೆ ಮಾಲೀಕರೇ ಕುರ್ಚಿಯಲ್ಲಿ ಕೂತು ಪ್ಯಾಂಟು ಮಡಚಿ, ಕೂದಲು ತುಂಬಿದ ಬಿಳಿ ಕಾಲು ಚಾಚಿದರು. ಡ್ರಮ್ಮರ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ.

ಗಾಯಕಿ ತಗ್ಗು ಸ್ಟೂಲಿನ ಮೇಲೆ ಕೂತು ಚೀಲವನ್ನು ಒಳಹೊರಗು ಮಾಡಿ ಹಿಮ್ಮಡಿಗೆ ಸಿಕ್ಕಿಸಿದರು. ಒಂದು ಎಳೆತ, ಬಿಡುವು, ಸುಕ್ಕು ಸವರುವುದು, ಮತ್ತೆ ಎಳೆತ. ಎಳೆಯುವಾಗ ಉಸಿರು ಬಿಗಿ; ಸವರುವಾಗ ಬಾಯಿಂದ ಸಾಲು. ಹಾಡು ತಾನಾಗಿ ಬಂತು. ದನಿ ಸಣ್ಣದು, ಬಾಲವಿಲ್ಲದ್ದು, ಎದುರು ಕೂತ ಒಬ್ಬರಿಗಷ್ಟೇ ಸಾಕಾಗುವಷ್ಟು. ನಾವು ಕ್ಲಿಕ್ಕಿನಲ್ಲಿ ಹಾಕಿದ್ದಕ್ಕಿಂತ ಎಷ್ಟೋ ನಿಧಾನ. ಅಜ್ಜಿ ಡಾನ್ಸ್ ಮಾಡುತ್ತಿರಲಿಲ್ಲ. ಕಾಲು ಚಾಚಿ ಕೂತಿದ್ದಳು. ಡ್ರಮ್ಮರ್ ನಗು ನಿಲ್ಲಿಸಿ ತೊಡೆಯ ಮೇಲೆ ಬೆರಳಾಡಿಸತೊಡಗಿದ. ಒಂದು ಎಳೆತಕ್ಕೂ ಇನ್ನೊಂದಕ್ಕೂ ನಡುವೆ ತಾಳ ಸ್ವಲ್ಪ ಹಿಗ್ಗುತ್ತಿತ್ತು, ಚೀಲ ಬಿಗಿಯಾದಷ್ಟೂ. ‘ಇದು ಗೊತ್ತೇ ಇರಲಿಲ್ಲ’ ಎಂದು ತನ್ನಷ್ಟಕ್ಕೆ ಅಂದುಕೊಂಡ.

ನಾನು ಸದ್ದಿಲ್ಲದೆ ಮೈಕನ್ನು ಸ್ಟೂಲಿನ ಎತ್ತರಕ್ಕೆ ಇಳಿಸಿದೆ.

ನಂತರದ ಟೇಕುಗಳಲ್ಲಿ ಗಾಯಕಿ ಸ್ಟೂಲಿನ ಮೇಲೆ, ಮಾಲೀಕರ ಕಾಲು ಅವರ ಮಡಿಲಲ್ಲಿ. ತಂಡಕ್ಕೆ ಬೇಸ್ ಗಿಟಾರು ನುಡಿಸುತ್ತಿದ್ದವರೂ ಮಾಲೀಕರೇ ಆದ್ದರಿಂದ ಆ ಭಂಗಿಯಲ್ಲೇ ನುಡಿಸಿದರು. ಚೀಲದ ಸರಸರ ಸದ್ದು ಮೈಕಿಗೆ ಬಿತ್ತು, ತೆಗೆಯಲಿಲ್ಲ. ಉಸಿರೂ ಬಿತ್ತು, ಅದನ್ನೂ ಬಿಟ್ಟೆ. ಕೊನೆಯ ಚರಣ ಬಂದಾಗ ಸ್ಟೀಲ್‌ನವರು ತಂತಿಯ ಮೇಲಿನಿಂದ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರು. ಅಜ್ಜಿ ಮಾತಾಡಿ ಮುಗಿಸುವ ತನಕ ಒಂದು ಸ್ವರವನ್ನೂ ಹಾಕಲಿಲ್ಲ. ಹಾಡು ಮುಗಿದ ಮೇಲೆ ಯಾರೂ ನನ್ನ ಕಡೆ ತಿರುಗಿ ‘ಬಂತಾ?’ ಎಂದು ಕೇಳಲಿಲ್ಲ.

ಆದರೆ ಸ್ಟಾಕ್‌ಹೋಮಿನಿಂದ ಕೇಳುವವನೊಬ್ಬ ಬರಬೇಕಿತ್ತು. ರೆಕಾರ್ಡ್ ಕಂಪನಿಯ ಮನುಷ್ಯ, ಹೆಚ್ಚುಕಡಿಮೆ ನನ್ನ ವಯಸ್ಸು. ರೈಲಿಳಿದು ಬಂದು, ಸ್ಪೀಕರಿನ ಮುಂದೆ ಕೂತು, ಕಣ್ಣು ಮುಚ್ಚಿ ಕೇಳಿದ. ಕೆಟ್ಟವನಲ್ಲ. ಹಾಡು ಸೊಗಸಾಗಿದೆ ಎಂದ. ಉದ್ದ ಎಂದ. ನಿಧಾನ ಎಂದ. ಕೊನೆಯ ಚರಣ ತೆಗೆದುಬಿಡಿ ಎಂದ.

‘ನಿಮ್ಮ ಜನ ಕುಣಿಯೋ ಜನ’ ಎಂದು ಗಾಯಕಿಗೆ ಹೇಳಿದ. ‘ಕೊನೇಲಿ ವಾದ್ಯನೂ ನಿಂತುಹೋಗತ್ತೆ. ಕುಣಿಯೋರು ಏನು ಮಾಡಬೇಕು? ಎದ್ದು ಹೋಗ್ತಾರೆ. ನಿಮ್ಮ ಸಿಡಿ ತಗೊಳ್ಳೋದೂ ಅವರೇ.’

ಕತ್ತರಿಸಿ ಅಂಟಿಸಲು ಆಗುವುದಿಲ್ಲ ಎಂದು ನಾನು ವಿವರಿಸಿದೆ. ಕ್ಲಿಕ್ ಇಲ್ಲದ್ದರಿಂದ ತಾಳ ಒಂದೊಂದು ಕಡೆ ಒಂದೊಂದು ಥರ, ಎಲ್ಲ ಮೈಕಿನಲ್ಲೂ ಎಲ್ಲರ ಸದ್ದು. ಮಧ್ಯದ ತುಂಡು ತೆಗೆದರೆ ಹೊಲಿಗೆ ಕೇಳಿಸುತ್ತದೆ. ಒಳಗೊಳಗೆ ಗೆದ್ದೆ ಅಂದುಕೊಂಡೆ. ಅವನು ಜಾಣ.

‘ಹೊಲಿಯೋದ್ಯಾಕೆ? ಕೊನೆ ಚರಣದ ಮುಂಚಿನ ಪಲ್ಲವಿ ಮುಗೀತಿದ್ದ ಹಾಗೇ ನಿಧಾನವಾಗಿ ಸದ್ದು ಇಳಿಸಿಬಿಡು. ಫೇಡ್.’

ಅದು ನನಗೆ ಒಂದು ನಿಮಿಷದ ಕೆಲಸ. ಗಾಯಕಿ ಜಾಕೆಟ್ಟಿನ ಜಾಲರಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

‘ಅಲ್ಲಿಗೇ ನಿಂತರೆ, ಬುದ್ಧಿ ಕೆಟ್ಟ ಮುದುಕೀಗೆ ನಾನು ದಿನಾ ಮೋಸ ಮಾಡ್ತಿದ್ದೆ ಅಂತಾಗತ್ತೆ. ಅವಳಿಗೆ ಗೊತ್ತಿತ್ತು. ಹಾಡು ಇರೋದೇ ಅದಕ್ಕೆ. ಫೇಡ್ ಮಾಡೋದಾದ್ರೆ ಈ ಹಾಡೇ ಬೇಡ. ಇದಿಲ್ಲದಿದ್ರೆ ನಂಗೆ ಸಿಡೀನೂ ಬೇಡ.’

ಮೆತ್ತಗಿನ ದನಿ, ಆದರೆ ಹಿಂದೆ ಸರಿಯುವ ದನಿಯಲ್ಲ. ಮಾಲೀಕರು ಕಾಫಿ ಹಾಕಿದರು. ತುಂಬ ಹೊತ್ತು ಮಾತಾಯಿತು, ಅಲ್ಲಿಯ ರೀತಿಯಲ್ಲಿ, ಯಾರೂ ದನಿ ಏರಿಸದೆ. ಕೊನೆಗೆ ಕಂಪನಿಯವನೇ ಒಂದು ದಾರಿ ಹೇಳಿದ. ಸಿಡಿ ಅಚ್ಚಿಗೆ ಹೋಗುವುದು ಬೇಸಿಗೆ ಮುಗಿದ ಮೇಲೆ. ಅಲ್ಲಿ ಬೇಸಿಗೆ ಶುರುವಾಗುವ ಜೂನ್‌ನಲ್ಲಿ ಪಾರ್ಕಿನ ಕುಣಿತದ ಅಂಗಳ ತೆರೆಯುವ ಸಂಜೆ ಹಾಡನ್ನು ಪೂರ್ತಿ ಹಾಡಲಿ. ಕುಣಿಯುವವರು ಅಂಗಳ ಬಿಟ್ಟು ಹೋಗದಿದ್ದರೆ ಕೊನೆಯ ಚರಣ ಇರಲಿ. ಹೋದರೆ ಫೇಡ್. ಗಾಯಕಿ ಒಪ್ಪಿದರು. ಜನರ ಮುಂದೆ ಸೋತರೆ ಅಡ್ಡಿಯಿಲ್ಲ ಎಂದರು.

ಆ ಸಂಜೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಧ್ವನಿ ನೋಡಿಕೊಳ್ಳುವ ಕೆಲಸ ನನ್ನದೇ. ಮರದ ಹಲಗೆಯ ಅಂಗಳ, ಸುತ್ತ ಭೂರ್ಜದ ಮರಗಳು, ಎಷ್ಟು ಹೊತ್ತಾದರೂ ಇಳಿಯದ ಬೆಳಕು. ಕಂಪನಿಯವನು ನನ್ನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಅಲ್ಲಿಯ ಕುಣಿತಕ್ಕೊಂದು ಕಟ್ಟಳೆಯಿದೆ: ಒಮ್ಮೆ ಜೊತೆ ಸೇರಿದರೆ ಎರಡು ಹಾಡು ಕುಣಿಯಬೇಕು, ಒಂದಕ್ಕೇ ಬಿಟ್ಟು ಹೋಗುವುದು ಅವಮಾನ. ಎರಡಾದ ಮೇಲೆ ಥ್ಯಾಂಕ್ಸ್ ಹೇಳಿ, ಬೇರೆ ಜೊತೆ ಹುಡುಕಬೇಕು. ತಂಡಗಳೂ ಹಾಡುಗಳನ್ನು ಎರಡೆರಡಾಗಿ ಜೋಡಿಸಿಕೊಂಡಿರುತ್ತವೆ.

ಟ್ರಕ್ಕಿನ ಹಾಡುಗಳಾದವು. ಅಂಗಳ ತುಂಬಿ ಹಲಗೆ ಗುಡುಗುಡು ಎನ್ನುತ್ತಿತ್ತು. ಆಮೇಲೆ ಗಾಯಕಿ ಜಾಕೆಟ್ ಬಿಚ್ಚಿ ಸ್ಪೀಕರಿನ ಮೇಲೆ ಹಾಕಿ, ತಗ್ಗು ಸ್ಟೂಲಿನ ಮೇಲೆ ಕೂತರು. ಹೊಸ ಜೋಡಿಗಳು ಸೇರಿದವು, ಹೆಚ್ಚಿನವರು ನಡುವಯಸ್ಸು ದಾಟಿದವರು. ನಿಧಾನದ ಲಯಕ್ಕೆ ಹೆಜ್ಜೆ ಸಣ್ಣದು ಮಾಡಿಕೊಂಡು ಕುಣಿದರು. ಎರಡನೆಯ ಪಲ್ಲವಿಗೆ ಕೆಲವರು ಮಾತು ನಿಲ್ಲಿಸಿದ್ದು ಕಾಣಿಸಿತು. ಕೊನೆಯ ಚರಣ ಬಂತು. ಸ್ಟೀಲ್‌ನವರು ಕೈ ಎತ್ತಿದರು. ಅಂಗಳದ ತುಂಬ ಹೆಜ್ಜೆಗಳು ಒಂದೊಂದಾಗಿ ನಿಂತವು.

‘ನಿಂತರು’ ಎಂದ ಕಂಪನಿಯವನು, ಮೆಲ್ಲಗೆ.

ಹೆಂಡತಿ ನನ್ನ ತೋಳು ಹಿಡಿದಳು. ಅಜ್ಜಿಯ ಮಾತು ಮುಗಿಯಿತು, ಹಾಡು ಮುಗಿಯಿತು. ಚಪ್ಪಾಳೆಯಿಲ್ಲ. ಜನ ಹಾಗೇ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಯಾರೂ ಹೊರಗೆ ನಡೆಯಲಿಲ್ಲ. ಕಟ್ಟಳೆಯ ಪ್ರಕಾರ ಎರಡನೆಯ ಹಾಡು ಬಾಕಿ ಇತ್ತಲ್ಲ. ತಂಡದವರು ಅದಕ್ಕೊಂದು ಚುರುಕಿನದನ್ನು ಇಟ್ಟುಕೊಂಡಿದ್ದರು. ಡ್ರಮ್ಮರ್ ಬ್ರಷ್ ಕೆಳಗಿಟ್ಟು ಕೋಲು ಎತ್ತಿದ.

‘ಅದು ಬೇಡ!’ ಅಂಗಳದ ನಡುವಿನಿಂದ ಮುದುಕರೊಬ್ಬರು ಕೂಗಿದರು. ‘ಇದನ್ನೇ ಇನ್ನೊಂದು ಸಲ.’

ಗಾಯಕಿ ಡ್ರಮ್ಮರನ ಕಡೆ ನೋಡಿದರು. ಅವನು ಕೋಲು ಇಟ್ಟು ಬ್ರಷ್ ತೆಗೆದುಕೊಂಡ.

ಅಷ್ಟರಲ್ಲಿ ಅಂಚಿನಲ್ಲಿ ನಿಂತಿದ್ದ ಬಿಳಿಗೂದಲಿನ ಅಜ್ಜಿಯೊಬ್ಬರು ನೆಟ್ಟಗೆ ನಮ್ಮ ಕಡೆ ಬಂದು, ಕಂಪನಿಯವನ ಮುಂದೆ ಕೈ ಚಾಚಿದರು. ಅಲ್ಲಿ ಹಾಗೆ ಕರೆದರೆ ಇಲ್ಲ ಎನ್ನುವಂತಿಲ್ಲ. ಅವನು ನನ್ನ ಮುಖ ನೋಡುತ್ತಲೇ ಹೋದ. ನನ್ನ ಹೆಂಡತಿ ‘ನೀವೂ ಬನ್ರಿ, ಅದು ತಾನಾಗೇ ನಡೆಯುತ್ತೆ’ ಎಂದು ನನ್ನನ್ನೂ ಎಳೆದಳು. ನಿಜವೇ, ಮಿಕ್ಸರಿನಲ್ಲಿ ಮುಟ್ಟುವಂಥದ್ದೇನೂ ಇರಲಿಲ್ಲ. ಅವಳ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ ಕುಣಿದೆ. ಈ ಸಲ ಕೊನೆಯ ಚರಣದಲ್ಲೂ ಯಾರೂ ನಿಲ್ಲಲಿಲ್ಲ. ವಾದ್ಯಗಳು ಸುಮ್ಮನಿದ್ದವು, ಹಲಗೆಯ ಮೇಲೆ ಚಪ್ಪಲಿ, ಬೂಟುಗಳ ಮೆತ್ತನೆಯ ಸದ್ದೇ ತಾಳವಾಗಿ, ಗಾಯಕಿ ಅದರ ಮೇಲೆ ಹಾಡಿದರು.

ಹಾಡು ಮುಗಿದು, ಅಜ್ಜಿ ಥ್ಯಾಂಕ್ಸ್ ಹೇಳಿ ಹೋದ ಮೇಲೆ ಕಂಪನಿಯವನು ನನ್ನ ಹತ್ತಿರ ಬಂದ. ಮೂಗು ಕೆಂಪಗಾಗಿತ್ತು.

‘ಕೊನೇ ಚರಣ ಬಂದಾಗ ಆ ಅಜ್ಜಿ ನನ್ನ ಕಿವೀಲಿ ಜೊತೆಗೇ ಹಾಡಿದರು. ಒಂದೇ ಸಲ ಕೇಳಿದ್ದು, ಒಂದು ಪದ ತಪ್ಪಲಿಲ್ಲ’ ಎಂದ. ಮೂಗು ಒರೆಸಿಕೊಂಡ. ‘ಇನ್ನು ಫೇಡ್ ಮಾಡಿದ್ರೂ ಏನು ಪ್ರಯೋಜನ? ಈ ಜನ ತಾವೇ ಮುಂದಕ್ಕೆ ಹಾಡ್ಕೊಂಡು ಹೋಗ್ತಾರೆ.’